ಸಂಚಾರಿ ಶಾಲೆಯ ಗಾನಯೋಗಿ

ರೋಣ, ನರಗುಂದ, ಗಜೇಂದ್ರಗಡಗಳ ಸುತ್ತಲಿನ ಪ್ರದೇಶ ಎರೆಮಣ್ಣಿನ ಬಯಲುಸೀಮೆ. ಜೋಳ, ಹತ್ತಿ, ಕಡಲೆ, ಕುಸುಬೆಗಳು ಇಲ್ಲಿನ ಮುಖ್ಯ ಬೆಳೆಗಳು. ಮಳೆ ಸಕಾಲಕ್ಕೆ ಬಂದರೆ ಹಗೇವು ತುಂಬುತ್ತದೆ. ಬಾರದಿದ್ದರೆ ಒಲೆ ಹೊತ್ತುವುದೂ ಕಷ್ಟ. ನೂರು ವರ್ಷಗಳಿಗೂ ಹಿಂದೆ ಇಂತಹ ಸೀಮೆಯ ಬಡ ರೈತನೊಬ್ಬನ ಮನೆಯಲ್ಲಿ ಕಣ್ಣಿಲ್ಲದ ಮಗುವೊಂದು ಹುಟ್ಟಿದರೆ ಅದರ ಗತಿಯೇನು? ಹೊಲದ ಕೆಲಸಕ್ಕೆ ಅದು ಒದಗುತ್ತಿರಲಿಲ್ಲ. ಶಾಲೆಯಲ್ಲಿ ಹಲಗೆ, ಬಳಪ, ಪುಸ್ತಕ ಎಲ್ಲವೂ ಕಣ್ಣಿರುವವರಿಗಾಗಿಯೇ ಇದ್ದವು. ತಂದೆತಾಯಿಗಳು ಬದುಕಿರುವವರೆಗೆ ಒಂದು ತುತ್ತು ಅನ್ನ. ಅವರ ಅನಂತರ ಗುಡಿಯ ಮುಂದಿನ ಕಟ್ಟೆಯೇ ಗತಿ ಎಂದು ಜನ ನಂಬಿದ್ದರು. ಸಿಡುಬು ಎಷ್ಟೋ ಎಳೆಯ ಕಣ್ಣುಗಳನ್ನು ಕಿತ್ತುಕೊಳ್ಳುತ್ತಿದ್ದ ಕಾಲವದು. ಆದುದರಿಂದ ಇಂತಹ ಮಕ್ಕಳು ವಿರಳವಾಗಿರಲಿಲ್ಲ. ಅವರಿಗೆ ಶಾಲೆಗಳು ಮಾತ್ರ ವಿರಳವಾಗಿದ್ದವು. ಮೈಸೂರಿನಲ್ಲಿ 1901ರಲ್ಲಿ ಅಂಧರಿಗಾಗಿಯೂ ಕಿವುಡರಿಗಾಗಿಯೂ ಒಂದು ಶಾಲೆ ಆರಂಭವಾಗಿದ್ದಿತು. ಆದರೆ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯ ಹಳ್ಳಿಗರಿಗೆ ಮೈಸೂರು ಬಲು ದೂರದ ಊರು.

ಇಂತಹ ಸನ್ನಿವೇಶದಲ್ಲಿ, 1914ರಲ್ಲಿ, ಅಂದಿನ ರೋಣ ತಾಲ್ಲೂಕಿನ ನಿಡಗುಂದಿಕೊಪ್ಪ ಎಂಬ ಚಿಕ್ಕ ಗ್ರಾಮದಲ್ಲಿ ಒಂದು ವಿಚಿತ್ರವಾದ ಶಾಲೆ ಹುಟ್ಟಿತು. ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಅದು ಊರಿಂದೂರಿಗೆ ನಡೆಯುವ ಶಾಲೆ. ಅದರ ಗುರುಗಳಿಗೂ ಕಣ್ಣಿರಲಿಲ್ಲ. ಆಗ ಅವರಿಗೆ ಕೇವಲ ಇಪ್ಪತ್ತೆರಡು ವರ್ಷ ವಯಸ್ಸು. ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳೆಂದು ನಾಡೆಲ್ಲ ಗೌರವಿಸಿದ ಮಹನೀಯರು ಇವರೇ.

ಪಂಚಾಕ್ಷರಿ ಗವಾಯಿಗಳು ಜನಿಸಿದುದು 1892ನೆಯ ಇಸವಿ ಫೆಬ್ರವರಿ 2ರಂದು, ಈಗಿನ ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಹಿರಿಯ ಮಗ ಗುರುಬಸಯ್ಯನಿಗೂ ದೃಷ್ಟಿ ಇರಲಿಲ್ಲ. ಎರಡನೆಯ ಮಗುವೂ ಕಣ್ಣು ಕಾಣದೆಯೇ ಹುಟ್ಟಿದಾಗ ಆ ಬಡ ದಂಪತಿಗಳಿಗಾದ ಸಂಕಟವನ್ನು ಊಹಿಸಿಕೊಳ್ಳಬಹುದು. ಆದರೆ ಬಾಲಕರಿಬ್ಬರ ಕಿವಿಗಳು ಚುರುಕು, ಕಂಠಗಳು ಮಧುರ. ಮಠದ ಭಜನೆ, ಪುರಾಣ, ಬಯಲಾಟದ ಪದ ಯಾವುದೇ ಕಿವಿಗೆ ಬೀಳಲಿ, ಅದು ಅವರ ನಾಲಗೆಯ ಮೇಲೆ ನೆಲೆಸಿಬಿಡುತ್ತಿದ್ದಿತು.

ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು ಈ ಸೋದರರ ಹಾಡುಗಾರಿಕೆಯನ್ನು ಕೇಳಿದರು. ಬಾದಾಮಿಯ ಸಮೀಪ ಮಲಪ್ರಭಾ ನದಿಯ ದಡದಲ್ಲಿ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದವರು ಇವರು. ಊರೂರಿಗೂ ಶಾಲೆ, ಪಾಠಶಾಲೆಗಳಾಗಬೇಕೆಂದು ಶ್ರಮಿಸಿದ ದೂರದೃಷ್ಟಿಯ ಯತಿಗಳು. ಹಾಡು ಕೇಳಿ ತಲೆದೂಗಿ, ಒಂದು ಹಿಡಿ ಕಾಳು ಕೊಟ್ಟು ಕಳುಹಿಸಿದ್ದರೆ ಆ ದಿನದ ಮಟ್ಟಿಗೆ ಅದೇ ದೊಡ್ಡ ಉಪಕಾರವೆನಿಸುತ್ತಿದ್ದಿತು. ಸ್ವಾಮಿಗಳು ಹಾಗೆ ಮಾಡಲಿಲ್ಲ. ಈ ಮಕ್ಕಳಿಗೆ ಬೇಕಾದುದು ಭಿಕ್ಷೆಯಲ್ಲ, ಕ್ರಮವಾದ ಶಿಕ್ಷಣ ಎಂಬುದನ್ನು ಅವರು ಕಂಡುಕೊಂಡರು. ಅನ್ನ, ಅರಿವೆ, ಆಶ್ರಯ, ಗುರು ಈ ನಾಲ್ಕನ್ನೂ ಒದಗಿಸುವ ಹೊಣೆಯನ್ನು ತಾವೇ ಹೊತ್ತರು. ಗದಿಗೆಯ್ಯನಿಗೆ ಪಂಚಾಕ್ಷರಿ ಎಂಬ ಹೆಸರು ಬಂದಿತು.

ತರುಣ ಪಂಚಾಕ್ಷರಿಯನ್ನು ಸ್ವಾಮಿಗಳು ಮೈಸೂರಿಗೆ ಕಳುಹಿಸಿದರು. ಅಲ್ಲಿ ಗೌರೀಶಂಕರ ಸ್ವಾಮಿಗಳ ಬಳಿ ನಾಲ್ಕು ವರ್ಷಗಳ ಕಾಲ ಕರ್ನಾಟಕ ಸಂಗೀತದ ಅಭ್ಯಾಸ ನಡೆಯಿತು. ಹಿಂದುಸ್ತಾನಿ ಸಂಗೀತವನ್ನು ಅವರು ನೀಲಕಂಠಬುವಾ ಮಿರಜಕರರಿಂದಲೂ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದಲೂ ಪಡೆದುಕೊಂಡರು. ಒಂದು ಪದ್ಧತಿಯಲ್ಲಿ ಪಳಗುವುದಕ್ಕೇ ಒಂದು ಜನ್ಮ ಸಾಲದೆನ್ನುವಾಗ ಎರಡರಲ್ಲಿಯೂ ಪ್ರಾವೀಣ್ಯ ಪಡೆದುದರಿಂದ ಅವರು ಉಭಯಗಾಯನ ವಿಶಾರದರೆನಿಸಿದರು. ಶಿವಶರಣರ ವಚನಗಳನ್ನು ರಾಗಗಳಿಗೆ ಅಳವಡಿಸಿ ಹಾಡಿ ಜನಸಾಮಾನ್ಯರಿಗೆ ಮುಟ್ಟಿಸಿದರು.

ಇಷ್ಟು ವಿದ್ಯೆ ಕೈಗೂಡಿದ ಮೇಲೆ ಅವರು ಸಂಸ್ಥಾನಗಳ ಆಶ್ರಯವನ್ನೋ ನಗರಗಳ ಸಂಗೀತ ಸಭೆಗಳನ್ನೋ ಅರಸಿ ಹೋಗಬಹುದಾಗಿದ್ದಿತು. ಆದರೆ ಅವರು ಆರಿಸಿಕೊಂಡುದು ನಿಡಗುಂದಿಕೊಪ್ಪದ ದಾರಿಯನ್ನು. ತಮಗೆ ದೊರೆತ ನೆರವು ತಮ್ಮಂತಹ ಇತರ ಮಕ್ಕಳಿಗೂ ದೊರೆಯಬೇಕೆಂಬುದೇ ಅವರ ಹಂಬಲ. ಕುಮಾರಸ್ವಾಮಿಗಳ ಆಶಯವೂ ಅದೇ ಆಗಿದ್ದಿತು. ಅಂಧರಿಗೂ ಅನಾಥರಿಗೂ ಬಡವರಿಗೂ ಸಂಗೀತ ಕಲಿಸುವ ಸಂಚಾರಿ ಪಾಠಶಾಲೆ ಹೀಗೆ ಆರಂಭವಾಯಿತು. ಮದುವೆಯಾಗದೆ, ಸ್ವಂತಕ್ಕೆಂದು ಏನನ್ನೂ ಕೂಡಿಡದೆ, ಗವಾಯಿಗಳು ತಮ್ಮ ಮುಂದಿನ ಮೂವತ್ತು ವರ್ಷಗಳನ್ನು ಅದಕ್ಕೆ ಮುಡಿಪಾಗಿಟ್ಟರು.

ಶಾಲೆ ಸಂಚಾರಿಯಾಗಿದ್ದುದರಿಂದ ಎರಡು ಪ್ರಯೋಜನಗಳಾದವು. ಹತ್ತಾರು ಮಕ್ಕಳ ಊಟವಸತಿಗಳ ಭಾರ ಒಂದೇ ಊರಿನ ಮೇಲೆ ಬೀಳಲಿಲ್ಲ. ಒಂದೂರಿನವರು ಕೆಲಕಾಲ ಸಾಕಿದರೆ ಮತ್ತೊಂದೂರಿನವರು ಮುಂದೆ ಕೈನೀಡುತ್ತಿದ್ದರು. ಇದಕ್ಕಿಂತ ಮಿಗಿಲಾದುದು ಎರಡನೆಯದು. ಶಾಲೆಗೆ ಬರಲಾರದ ಮಗುವಿನ ಬಳಿಗೆ ಶಾಲೆಯೇ ಹೋಗುತ್ತಿದ್ದಿತು. ಹಿತ್ತಲ ಕೋಣೆಯಲ್ಲಿ ಅಡಗಿ ಕುಳಿತಿದ್ದ ಕಣ್ಣಿಲ್ಲದ ಹುಡುಗನ ತಂದೆತಾಯಿಗಳು ಕಣ್ಣಿಲ್ಲದ ಗುರುವೊಬ್ಬರು ಊರ ಮಠದಲ್ಲಿ ಹಾಡುವುದನ್ನು, ಹಿರಿಯರು ಅವರಿಗೆ ಕೈಮುಗಿಯುವುದನ್ನು ಕಂಡರು. ತಮ್ಮ ಮಗನೂ ಹೀಗಾಗಬಹುದೆಂಬ ಆಸೆ ಆಗ ಅವರಲ್ಲಿ ಮೊಳೆಯದಿರುವುದೇ? ನೂರು ಉಪದೇಶಗಳು ಮಾಡಲಾರದ ಕೆಲಸವನ್ನು ಆ ಒಂದು ನೋಟ ಮಾಡಬಲ್ಲದು.

ದೃಷ್ಟಿ ಇಲ್ಲದವರಿಗೆ ವಿದ್ಯೆ ಕಲಿಸುವ ಬಗೆಯೇ ಬೇರೆ. ಕಣ್ಣು ಮಾಡುವ ಕೆಲಸವನ್ನು ಅಲ್ಲಿ ಕಿವಿಗೂ ಬೆರಳಿಗೂ ವಹಿಸಬೇಕು. ಹಾರ್ಮೋನಿಯಂ ವಾದ್ಯದ ಕಪ್ಪು ಪಟ್ಟಿಗಳು ಎರಡರ ಗುಂಪಾಗಿಯೂ ಮೂರರ ಗುಂಪಾಗಿಯೂ ಎದ್ದು ನಿಂತಿರುತ್ತವೆ. ಅವುಗಳನ್ನು ತಡವಿ ನೋಡಿಯೇ ಬೆರಳು ಷಡ್ಜವೆಲ್ಲಿ, ಪಂಚಮವೆಲ್ಲಿ ಎಂಬುದನ್ನು ಅರಿತುಕೊಳ್ಳುತ್ತದೆ. ತಬಲಾದ ಅಂಚು, ಚರ್ಮ, ನಡುವಣ ಕರಿಯ ಶಾಯಿ ಮೂರೂ ಬೆರಳ ತುದಿಗೆ ಮೂರು ಬಗೆಯಾಗಿ ತಾಗುತ್ತವೆ. ತೀನ್‌ತಾಲದ 16 ಮಾತ್ರೆಗಳನ್ನು ಕೈಯಿಂದ ಎಣಿಸಬಹುದು. ಬರೆದುಕೊಳ್ಳುವ ಸಾಧನವಿಲ್ಲದವನು ಕೇಳಿದುದನ್ನು ಮತ್ತೆ ಮತ್ತೆ ಹಾಡಿ ಮನನ ಮಾಡಿಕೊಳ್ಳಬೇಕು. ಇದಕ್ಕೆ ಕಲಿಸುವವನಲ್ಲಿ ಅಪಾರವಾದ ತಾಳ್ಮೆ ಬೇಕು. ಶಿಷ್ಯನು ಎಲ್ಲಿ ಎಡವುತ್ತಾನೆ, ಏಕೆ ಎಡವುತ್ತಾನೆ ಎಂಬುದನ್ನು ಗವಾಯಿಗಳಿಗೆ ಬೇರೆಯವರು ತಿಳಿಸಬೇಕಾಗಿರಲಿಲ್ಲ. ಆ ದಾರಿಯಲ್ಲಿ ತಾವೇ ನಡೆದು ಬಂದವರು ಅವರು.

ಈ ಶಾಲೆ ಅಂಧರಿಗೆ ಮಾತ್ರ ಮೀಸಲಾಗಿರಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಕಣ್ಣುಳ್ಳ ಬಡ ಮಕ್ಕಳೂ ಅಲ್ಲಿ ಕಲಿಯುತ್ತಿದ್ದರು. ಜಾತಿಮತಗಳ ಭೇದವೂ ಅಲ್ಲಿ ಇರಲಿಲ್ಲ. ಎಲ್ಲರಿಗೂ ಒಂದೇ ಪಂಕ್ತಿ, ಒಂದೇ ಪಾಠ. ಹೀಗೆ ಕೂಡಿ ಬಾಳುವಾಗ ದಾರಿ ತೋರುವವನು ಯಾರು, ನಡೆಯುವವನು ಯಾರು ಎಂಬ ಅಂತರವು ತಾನಾಗಿಯೇ ಅಳಿದುಹೋಗುತ್ತದೆ. ನದಿ ದಾಟುವಾಗ ಕಣ್ಣುಳ್ಳವನು ಕೈಹಿಡಿದರೆ, ಶ್ರುತಿ ತಪ್ಪಿದಾಗ ಕಣ್ಣಿಲ್ಲದವನು ತಿದ್ದುತ್ತಾನೆ. ಮುಂದೆ ಹಿಂದುಸ್ತಾನಿ ಸಂಗೀತದಲ್ಲಿ ಅಖಿಲ ಭಾರತ ಖ್ಯಾತಿ ಪಡೆದ ಬಸವರಾಜ ರಾಜಗುರು, ಅರ್ಜುನಸಾ ನಾಕೋಡ್, ಸಿದ್ಧರಾಮ ಜಂಬಲದಿನ್ನಿ ಮೊದಲಾದವರು ಗವಾಯಿಗಳ ಶಿಷ್ಯರೇ. ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ 1936ರಲ್ಲಿ ಹಂಪಿಯಲ್ಲಿ ನಡೆಯಿತು. ಅಲ್ಲಿ ತರುಣ ರಾಜಗುರುಗಳು ಹಾಡಲು ಕುಳಿತಾಗ ತಬಲಾ ನುಡಿಸಲು ಕುಳಿತವರು ಸ್ವತಃ ಗುರುಗಳು. ಶಿಷ್ಯನು ಮುಂದೆ, ಗುರು ಪಕ್ಕದಲ್ಲಿ. ಗವಾಯಿಗಳ ಶಿಕ್ಷಣದ ಸಾರವೆಲ್ಲ ಆ ಒಂದು ಚಿತ್ರದಲ್ಲಿ ಅಡಗಿದೆ.

ಶಾಲೆ ಹುಟ್ಟಿದ ವರ್ಷವೇ, ಅಂದರೆ 1914ರಲ್ಲಿಯೇ, ಈಗಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ ಪುಟ್ಟಯ್ಯನೆಂಬ ಮಗು ಜನಿಸಿತು. ಎಳೆವಯಸ್ಸಿನಲ್ಲಿಯೇ ಅದರ ಕಣ್ಣುಗಳು ಹೋದವು. ಈ ಬಾಲಕ ಗವಾಯಿಗಳ ಆಶ್ರಯಕ್ಕೆ ಬಂದನು. ಗವಾಯಿಗಳು ಅವನನ್ನು ಕೇವಲ ಹಾಡುಗಾರನನ್ನಾಗಿ ಮಾಡಿ ಕೈಬಿಡಲಿಲ್ಲ. ಎರಡೂ ಪದ್ಧತಿಗಳ ಗಾಯನ, ಹಲವು ವಾದ್ಯಗಳು, ಭಾಷೆ, ಸಾಹಿತ್ಯ ಎಲ್ಲಕ್ಕೂ ಅವಕಾಶ ಕಲ್ಪಿಸಿದರು. ಕೊರತೆಯುಳ್ಳ ಮಗುವಿಗೆ ಇಷ್ಟು ಕಲಿಕೆ ಸಾಕೆಂದು ಗೆರೆಯೆಳೆಯುವುದು ಹಿರಿಯರು ಸಾಮಾನ್ಯವಾಗಿ ಮಾಡುವ ತಪ್ಪು. ಗವಾಯಿಗಳು ಆ ಗೆರೆಯನ್ನು ಎಳೆಯಲಿಲ್ಲ. ಆ ಬಾಲಕನೇ ಮುಂದೆ ಪಂಡಿತ ಪುಟ್ಟರಾಜ ಗವಾಯಿಗಳಾದರು.

ಶಾಲೆಯ ಬದುಕು ಮಾತ್ರ ಸುಖದ್ದಾಗಿರಲಿಲ್ಲ. ಸರಕಾರದ ನೆಲೆಯಾದ ಬೆಂಬಲವಿಲ್ಲ; ಹೊಲಗದ್ದೆಗಳ ಉತ್ಪನ್ನವಿಲ್ಲ. ಭಕ್ತರು ನೀಡಿದ ಕಾಳುಕಡಿಯೇ ಆಧಾರ. ಬರ ಬಿದ್ದ ವರ್ಷ ಕೊಡುವವರ ಮನೆಯಲ್ಲಿಯೇ ಕಾಳಿಲ್ಲದಿರುವಾಗ ಜೋಳಿಗೆ ತುಂಬುವುದೆಂತು? ಹೆಗಲಿಗೆ ಹೆಗಲಾಗಿ ನಿಂತಿದ್ದ ಕುಮಾರಸ್ವಾಮಿಗಳು 1930ರಲ್ಲಿ ಲಿಂಗೈಕ್ಯರಾದುದು ದೊಡ್ಡ ಪೆಟ್ಟಾಯಿತು. ಗವಾಯಿಗಳು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಗುರುಗಳ ಹೆಸರಿನಲ್ಲಿ ನಾಟಕ ಮಂಡಳಿಯನ್ನು ಕಟ್ಟಿದರು. ಶಿಷ್ಯರೇ ನಟರು, ಶಿಷ್ಯರೇ ಗಾಯಕರು, ಶಿಷ್ಯರೇ ವಾದಕರು. ಕಲಿತ ವಿದ್ಯೆ ಅವರಿಗೆ ಅನ್ನವನ್ನೂ ಆತ್ಮಗೌರವವನ್ನೂ ತಂದಿತು. ದುಡಿದು ಉಣ್ಣುವ ಹೆಮ್ಮೆಯನ್ನು ಶಿಷ್ಯರು ಅಲ್ಲಿ ಮೊದಲ ಬಾರಿಗೆ ಸವಿದರು.

ಇಪ್ಪತ್ತೆಂಟು ವರ್ಷ ತಿರುಗಾಡಿದ ಶಾಲೆ 1942ರಲ್ಲಿ ಗದಗಿನಲ್ಲಿ ನೆಲೆಗೊಂಡಿತು. ಬಸರಿಗಿಡದ ವೀರಪ್ಪನವರೆಂಬ ಉದಾರಿಗಳು ಅದಕ್ಕೆ ಸ್ಥಳವನ್ನು ದಾನವಾಗಿ ನೀಡಿದರು. ಆ ಸಂಸ್ಥೆಯೇ ವೀರೇಶ್ವರ ಪುಣ್ಯಾಶ್ರಮ. ಆದರೆ ನೆಲೆ ಕಂಡ ಶಾಲೆಯನ್ನು ಬಹುಕಾಲ ನಡೆಸುವ ಯೋಗ ಗವಾಯಿಗಳಿಗಿರಲಿಲ್ಲ. 1944ನೆಯ ಇಸವಿ ಜೂನ್ 11ರಂದು, ಐವತ್ತೆರಡರ ಪ್ರಾಯದಲ್ಲಿ, ಅವರು ಲಿಂಗೈಕ್ಯರಾದರು. ಆಶ್ರಮದ ಹೊಣೆ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂದಿತು. 2010ರ ಸೆಪ್ಟೆಂಬರ್ 17ರಂದು ತೀರಿಕೊಳ್ಳುವವರೆಗೆ, ಅರವತ್ತಾರು ವರ್ಷ, ಅವರು ಅದನ್ನು ನಡೆಸಿದರು. ಬ್ರೈಲ್ ಲಿಪಿಯನ್ನು ಕಲಿತು ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. 2010ರಲ್ಲಿಯೇ ಭಾರತ ಸರಕಾರ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿತು. ಗುರುಗಳ ಜೀವನವನ್ನು ಆಧರಿಸಿದ ಕನ್ನಡ ಚಲನಚಿತ್ರವೂ 1995ರಲ್ಲಿ ತೆರೆಕಂಡಿತು.

ಕಾಲ ಇಂದು ಬದಲಾಗಿದೆ. ರೋಣ ತಾಲ್ಲೂಕು ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು 1997ರಲ್ಲಿ ಗದಗ ಜಿಲ್ಲೆಗೆ ಸೇರಿತು. ಸಿಡುಬು ಜಗತ್ತಿನಿಂದಲೇ ಅಳಿದಿದೆ. ಅಂಗವಿಕಲರ ಹಕ್ಕುಗಳನ್ನು ಕುರಿತು 2016ರಲ್ಲಿ ಆದ ಕಾಯಿದೆಯು ನಿಗದಿತ ಪ್ರಮಾಣದ ವೈಕಲ್ಯವುಳ್ಳ, 6ರಿಂದ 18 ವರ್ಷ ವಯಸ್ಸಿನ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಪರೀಕ್ಷೆಯಲ್ಲಿ ಬರೆಯುವವರ ನೆರವು, ಹೆಚ್ಚಿನ ಸಮಯ ಮೊದಲಾದ ಅನುಕೂಲಗಳನ್ನೂ ಹೇಳಿದೆ. ಥಲಸ್ಸೀಮಿಯಾ, ಹೀಮೋಫಿಲಿಯಾಗಳಂತಹ ರಕ್ತಸಂಬಂಧಿ ಕಾಯಿಲೆಗಳೂ ಅದರ ವ್ಯಾಪ್ತಿಗೆ ಬಂದಿವೆ. ನಿಡಗುಂದಿಕೊಪ್ಪದಲ್ಲಿ ಅಂದು ಒಬ್ಬ ಯತಿಯ ಕರುಣೆಯಿಂದಲೂ ಒಬ್ಬ ಗುರುವಿನ ತ್ಯಾಗದಿಂದಲೂ ದೊರೆತುದು ಇಂದು ಮಗುವಿನ ಹಕ್ಕಾಗಿದೆ.

ಆದರೂ ಕಾಯಿದೆಯೊಂದರಿಂದಲೇ ಎಲ್ಲವೂ ಆಗುವುದಿಲ್ಲ. ಪ್ರತಿಯೊಂದು ತರಗತಿಯಲ್ಲಿಯೂ ಯಾವುದಾದರೊಂದು ತೊಂದರೆಯನ್ನು ಹೊತ್ತ ಮಗು ಇರಬಹುದು. ಒಬ್ಬನಿಗೆ ಕರಿಹಲಗೆ ಮಸುಕಾಗಿ ಕಾಣುತ್ತದೆ, ಒಬ್ಬಳಿಗೆ ಉಬ್ಬಸ, ಇನ್ನೊಬ್ಬನಿಗೆ ಮೂರ್ಛೆರೋಗ, ಮತ್ತೊಬ್ಬಳು ಹೊತ್ತುಹೊತ್ತಿಗೆ ಇನ್ಸುಲಿನ್ ತೆಗೆದುಕೊಳ್ಳಬೇಕು. ಇವರಿಗೆ ಬೇಕಾದುದು ಅಯ್ಯೋ ಪಾಪವೆಂಬ ಕನಿಕರವಲ್ಲ, ಅಣಕವಂತೂ ಅಲ್ಲವೇ ಅಲ್ಲ. ಮುಂದಿನ ಸಾಲಿನಲ್ಲಿ ಒಂದು ಸ್ಥಳ, ತಪ್ಪಿದ ಪಾಠವನ್ನು ಓದಿ ಹೇಳುವ ಒಂದು ದನಿ, ಹೊತ್ತಿಗೆ ಸರಿಯಾಗಿ ಔಷಧವನ್ನು ನೆನಪಿಸುವ ಒಬ್ಬ ಗೆಳತಿ, ಕಾಯಿಲೆಯ ಕುರುಹನ್ನು ಅರಿತ ಒಬ್ಬ ಶಿಕ್ಷಕ ಇಷ್ಟಿದ್ದರೆ ಆ ಮಗು ಉಳಿದವರೊಡನೆ ಸರಿಸಮನಾಗಿ ನಡೆಯಬಲ್ಲದು. ಕಣ್ಣಿಲ್ಲದ ಇಬ್ಬರು ಬಾಲಕರ ಹಾಡನ್ನು ಹಾನಗಲ್ಲಿನಲ್ಲಿ ಅಂದು ಒಬ್ಬರು ನಿಂತು ಕೇಳಿದರು. ಅದರ ಫಲವಾಗಿ ಬೆಳೆದ ಮರದ ನೆರಳಿನಲ್ಲಿ ಒಂದು ಶತಮಾನದಿಂದ ಮಕ್ಕಳು ಕಲಿಯುತ್ತ ಬಂದಿದ್ದಾರೆ.