ಕಡಲಿಲ್ಲದ ನಾಡಿಗೆ ದಾರಿ ಮಾಡಿಸಿದ ಕಬ್ಬನ್ ಸಾಹೇಬರು

ಕೃಷ್ಣೆ ಘಟಪ್ರಭೆಗಳ ನಡುವಣ ನಮ್ಮ ಬೀಳಗಿಗೆ ಕಡಲು ಬಲು ದೂರ. ಹಿಂದೆ ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರನ್ನು ಸೇರಬೇಕಾಗಿದ್ದಿತು. ದಾರಿ ಕೆಟ್ಟರೆ ಬೆಳೆದವನ ಕೈಗೆ ಬರುವುದು ಕಡಿಮೆಯೆಂಬುದನ್ನು ನಮ್ಮ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಆದಕಾರಣ, ಕಡಲ ತಡಿಯೇ ಇಲ್ಲದ ಮೈಸೂರು ಸಂಸ್ಥಾನದಲ್ಲಿ ದಾರಿಗಳನ್ನು ಮಾಡಿಸಿದ ಸರ್ ಮಾರ್ಕ್ ಕಬ್ಬನ್ ಅವರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಹಾಗೂ ತಂದೆತಾಯಿಗಳ ಮುಂದೆ ಸಂಕ್ಷೇಪವಾಗಿ ಇಡುತ್ತೇವೆ.

ಕಬ್ಬನ್ನರು 1775ರಲ್ಲಿ ಮ್ಯಾನ್ ದ್ವೀಪದಲ್ಲಿ ಒಬ್ಬ ಪಾದ್ರಿಗಳ ಮಗನಾಗಿ ಹುಟ್ಟಿದರು. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯವನ್ನು ಸೇರಿದರು. 1831ರಲ್ಲಿ ಕಂಪನಿ ಸರಕಾರವು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯಭಾರವನ್ನು ತೆಗೆದುಕೊಂಡಿತು. 1834ರಲ್ಲಿ ಕಬ್ಬನ್ನರು ಅಲ್ಲಿಯ ಕಮಿಶನರರಾದರು.

ಆಗ ಆ ಸಂಸ್ಥಾನದಲ್ಲಿ ಬಂಡಿ ಸಾಗುವ ದಾರಿಗಳು ಬಲು ವಿರಳವಾಗಿದ್ದವು. ದವಸಧಾನ್ಯಗಳನ್ನು ಎತ್ತುಗಳ ಮತ್ತು ಕತ್ತೆಗಳ ಬೆನ್ನ ಮೇಲೆ ಹೇರಿಕೊಂಡು ಹೋಗುತ್ತಿದ್ದರು. ಪಶ್ಚಿಮಕ್ಕೆ ಮಂಗಳೂರು, ಪೂರ್ವಕ್ಕೆ ಮದರಾಸು. ಎರಡೂ ಬಂದರುಗಳು ಸಂಸ್ಥಾನದ ಹೊರಗಿನವು. ಮಂಗಳೂರಿಗೆ ಹೋಗುವವರಿಗೆ ಸಹ್ಯಾದ್ರಿಯು ಗೋಡೆಯಂತೆ ಅಡ್ಡನಿಂತಿದ್ದಿತು. ಇದಲ್ಲದೆ ಸುಂಕದ ಕಟ್ಟೆಗಳಲ್ಲಿ ಹಣ ತೆರುತ್ತ ಹೋದ ಸರಕು ಸಂತೆಗೆ ಬರುವಷ್ಟರಲ್ಲಿ ದುಬಾರಿಯಾಗುತ್ತಿದ್ದಿತು.

ಕಬ್ಬನ್ನರು ಈ ಎರಡು ತೊಡಕುಗಳನ್ನೂ ಬಿಡಿಸಲು ತೊಡಗಿದರು. ಅವರ ಆಡಳಿತದಲ್ಲಿ 769 ಬಗೆಯ ಚಿಲ್ಲರೆ ತೆರಿಗೆಗಳು ರದ್ದಾದವು. ಸುಮಾರು 1600 ಮೈಲಿ ರಸ್ತೆಗಳೂ 300ಕ್ಕೆ ಮಿಕ್ಕ ಸೇತುವೆಗಳೂ ನಿರ್ಮಾಣವಾದವು. ಘಟ್ಟದ ದಾರಿಗಳು ತೆರೆದುದರಿಂದ ಮಲೆನಾಡಿನ ಕಾಫಿಯು ಕಡಲ ತಡಿಗೆ ಇಳಿಯುವುದು ಸುಲಭವಾಯಿತು. ಒಂದು ಎತ್ತಿನ ಬೆನ್ನು ಹೊರುವುದಕ್ಕಿಂತ ಜೋಡೆತ್ತಿನ ಬಂಡಿ ಎಳೆಯುವುದು ಅನೇಕ ಪಟ್ಟು ಹೆಚ್ಚೆಂದ ಮೇಲೆ, ಒಂದು ರಸ್ತೆಯ ಬೆಲೆಯನ್ನು ವಾಚಕರೇ ಎಣಿಸಿಕೊಳ್ಳಬಹುದು.

ಹೀಗಿದ್ದರೂ ನಾವು ಇನ್ನೊಂದು ಮಾತನ್ನು ಮರೆಯಲಾಗದು. ಆ ರಸ್ತೆಗಳಿಗೆ ವೆಚ್ಚವಾದುದು ಮೈಸೂರಿನ ರೈತರು ಕೊಟ್ಟ ಕಂದಾಯ. ಕಲ್ಲು ಒಡೆದು ಮಣ್ಣು ಹೊತ್ತವರು ಅಲ್ಲಿಯ ಕೂಲಿಕಾರರು. ಪ್ರಜೆಗಳನ್ನು ಕೇಳಿ ನಡೆಸಿದ ಆಳಿಕೆಯೂ ಅದಾಗಿರಲಿಲ್ಲ. ಕಬ್ಬನ್ನರ ಅಶ್ವಾರೂಢ ಪ್ರತಿಮೆ ಬೆಂಗಳೂರಿನಲ್ಲಿದೆ. 2020ರಲ್ಲಿ ಅದನ್ನು ಹೈಕೋರ್ಟಿನ ಆವರಣದಿಂದ ಕಬ್ಬನ್ ಪಾರ್ಕಿನೊಳಕ್ಕೆ ಸಾಗಿಸಿದರು. ಕಲ್ಲು ಹೊತ್ತವರಿಗೋ ಆ ದಾರಿಗಳೇ ಸ್ಮಾರಕ.

1861ರಲ್ಲಿ, ದೇಹ ಸೋತು, ಅವರು ಅಧಿಕಾರವನ್ನು ಬಿಟ್ಟರು. ಇಪ್ಪತ್ತೈದರ ಹರೆಯದಲ್ಲಿ ಬಿಟ್ಟುಬಂದ ದ್ವೀಪವನ್ನು ಎಂಬತ್ತೈದರ ಮುಪ್ಪಿನಲ್ಲಿ ನೋಡಬೇಕೆಂದು ಹೊರಟವರು ಏಪ್ರಿಲ್ ತಿಂಗಳಲ್ಲಿ ಸುಯೆಜ್ ಪಟ್ಟಣದಲ್ಲಿ ತೀರಿಕೊಂಡರು. ಹುಟ್ಟಿದ ನೆಲಕ್ಕೆ ಅವರ ಶರೀರ ಮಾತ್ರ ತಲಪಿತು. ಬೆಂಗಳೂರಿಗೆ ರೈಲು ಬಂದುದು 1864ರಲ್ಲಿ. ಅದನ್ನು ಅವರು ಕಾಣಲಿಲ್ಲ.

ಓದಿಗೆಂದೋ ಉದ್ಯೋಗಕ್ಕೆಂದೋ ಗಂಡನ ಮನೆಗೆಂದೋ ಬೀಳಗಿಯಿಂದ ದೂರ ಹೋಗಿರುವ ನಮ್ಮ ಹೆಣ್ಣುಮಕ್ಕಳು, ತಾವು ನಡೆದ ಪ್ರತಿಯೊಂದು ದಾರಿಯನ್ನೂ ಹಿಂದೆ ಯಾರೋ ಮಾಡಿಟ್ಟರೆಂಬುದನ್ನು ನೆನೆಯಲಿ. ಹಿಂದೆ ಬರುವವರಿಗಾಗಿ ತಾವೂ ಒಂದು ಮಾರು ದಾರಿಯನ್ನು ಸಮಮಾಡಲಿ ಎಂದು ಹಾರೈಸುತ್ತೇವೆ.