ಹಕ್ಕಿಗಳ ಹಿಂದೆ ಹೊರಟ ಬಾಲಕ: ಡಾ. ಸಲೀಂ ಅಲಿಯವರ ಜೀವನ ಮತ್ತು ನಮ್ಮ ಪರಿಸರ ಪ್ರವಾಸಗಳು

ಶಾಲಾ ಪ್ರವಾಸ ಎಂದೊಡನೆ ಮಕ್ಕಳ ಕಣ್ಣ ಮುಂದೆ ಬಸ್ಸು, ತಿಂಡಿಯ ಡಬ್ಬಿ, ಹಾಡು, ಫೋಟೋ ಇವೇ ಬರುತ್ತವೆ. ಸಂಜೆ ಮರಳಿದ ಮೇಲೆ ಏನು ನೋಡಿ ಬಂದಿರಿ ಎಂದು ಕೇಳಿದರೆ, ಕೆರೆ ನೋಡಿದೆವು, ಕಾಡು ನೋಡಿದೆವು ಎನ್ನುವುದರಾಚೆ ಹೆಚ್ಚಿನವರಿಗೆ ಹೇಳಲು ಏನೂ ಇರುವುದಿಲ್ಲ. ತಪ್ಪು ಮಕ್ಕಳದಲ್ಲ. ಏನನ್ನು ನೋಡಬೇಕು, ಹೇಗೆ ನೋಡಬೇಕು, ನೋಡಿದ್ದನ್ನು ಏನು ಮಾಡಬೇಕು ಎಂಬುದನ್ನು ಶಿಕ್ಷಕರಾದ ನಾವು ಮೊದಲೇ ಕಲಿಸಿರುವುದಿಲ್ಲ. ಈ ಮೂರನ್ನೂ ಕಲಿಸುವ ಒಂದು ಜೀವನ ನಮ್ಮ ದೇಶದಲ್ಲೇ ಇದೆ. ಅದು ಪಕ್ಷಿತಜ್ಞ ಡಾ. ಸಲೀಂ ಅಲಿಯವರದು.

ಸಲೀಂ ಅಲಿ 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಒಂದು ವರ್ಷದ ಮಗುವಿದ್ದಾಗ ತಂದೆ, ಮೂರು ವರ್ಷವಾಗುವಾಗ ತಾಯಿ ತೀರಿಕೊಂಡರು. ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ಈ ಯತೀಮ ಮಕ್ಕಳನ್ನು ತಮ್ಮ ಮಕ್ಕಳಂತೆ ಸಾಕಿದರು. ಹುಡುಗನ ಕೈಯಲ್ಲಿ ಒಂದು ಏರ್‌ಗನ್ ಇತ್ತು, ಗುಬ್ಬಿ ಹೊಡೆಯುವುದೇ ಆಟ. ಗಂಡು ಗುಬ್ಬಿಯನ್ನು ಹೊಡೆದ ಸ್ವಲ್ಪ ಹೊತ್ತಿನಲ್ಲೇ ಗೂಡಿನಲ್ಲಿದ್ದ ಹೆಣ್ಣಿಗೆ ಇನ್ನೊಂದು ಜೊತೆ ಸಿಗುವುದನ್ನು ಅವನು ಗಮನಿಸಿದ, ಗಮನಿಸಿದ್ದನ್ನು ಬರೆದಿಟ್ಟ. ಆಗ ಅವನಿಗೆ ಸುಮಾರು ಹತ್ತು ವರ್ಷ. ಆಟದ ನಡುವೆಯೂ ಬರೆದಿಡುವ ಈ ಅಭ್ಯಾಸವೇ ಮುಂದೆ ಅವರ ಬದುಕನ್ನು ರೂಪಿಸಿತು.

ಒಂದು ದಿನ ಹೊಡೆದ ಗುಬ್ಬಿಯ ಕೊರಳಿನಲ್ಲಿ ಹಳದಿ ಮಚ್ಚೆ ಕಂಡಿತು. ಇದನ್ನು ತಿನ್ನಬಹುದೋ ಬಾರದೋ ಎಂಬ ಸಂದೇಹದಿಂದ ಹುಡುಗ ಅದನ್ನು ಮಾವನ ಬಳಿಗೆ ಒಯ್ದ. ಮಾವನಿಗೂ ಅದು ಯಾವ ಹಕ್ಕಿಯೆಂದು ತಿಳಿಯಲಿಲ್ಲ. ಆದರೆ ಅವರು ಪ್ರಶ್ನೆಯನ್ನು ತಳ್ಳಿಹಾಕದೆ, ಚೀಟಿ ಕೊಟ್ಟು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಹಕ್ಕಿಯನ್ನು ಗುರುತಿಸಿದ್ದಲ್ಲದೆ, ಸೊಸೈಟಿಯ ಸಂಗ್ರಹವನ್ನು ತೆರೆದು ತೋರಿಸಿದರು, ಓದಲು ಪುಸ್ತಕ ಕೊಟ್ಟರು. ಉತ್ತರ ಗೊತ್ತಿಲ್ಲದಾಗ ಗೊತ್ತಿರುವವರ ಬಳಿಗೆ ಮಗುವನ್ನು ಕಳುಹಿಸುವ ಹಿರಿಯರು ಇದ್ದುದರಿಂದಲೇ ದೇಶಕ್ಕೆ ಒಬ್ಬ ವಿಜ್ಞಾನಿ ದೊರೆತರು.

ಆದರೆ ಅವರ ಹಾದಿ ಸುಗಮವಾಗಿರಲಿಲ್ಲ. ಕಾಲೇಜನ್ನು ಅರ್ಧಕ್ಕೆ ಬಿಟ್ಟು ಬರ್ಮಾಕ್ಕೆ ಹೋಗಿ, ಕುಟುಂಬದ ಗಣಿ ವ್ಯವಹಾರದಲ್ಲಿ ತೊಡಗಿದರು. 1917ರಲ್ಲಿ ಮರಳಿ ಬಂದು ವಾಣಿಜ್ಯ ಮತ್ತು ಪ್ರಾಣಿಶಾಸ್ತ್ರ ಓದಿದರು. 1918ರಲ್ಲಿ ತೆಹಮೀನಾರೊಡನೆ ವಿವಾಹವಾಯಿತು. ವಿಶ್ವವಿದ್ಯಾಲಯದ ಪದವಿ ಇಲ್ಲದ ಕಾರಣ ತಕ್ಕ ಹುದ್ದೆ ಕೈತಪ್ಪಿತು. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಮಾರ್ಗದರ್ಶಕ ಉಪನ್ಯಾಸಕರಾದರು. ಎರಡು ವರ್ಷದ ನಂತರ ರಜೆ ಪಡೆದು ಬರ್ಲಿನ್‌ಗೆ ತೆರಳಿ, ಪ್ರಸಿದ್ಧ ಪಕ್ಷಿವಿಜ್ಞಾನಿ ಎರ್ವಿನ್ ಸ್ಟ್ರೆಸೆಮನ್ ಅವರಲ್ಲಿ ತರಬೇತಿ ಪಡೆದರು. 1930ರಲ್ಲಿ ಹಿಂದಿರುಗಿದಾಗ, ಹಣವಿಲ್ಲವೆಂದು ಅವರ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು.

ಕೆಲಸವಿಲ್ಲದ ಸಲೀಂ ಅಲಿ ಪತ್ನಿಯೊಡನೆ ಅಲಿಬಾಗ್ ಬಳಿಯ ಕಿಹೀಂ ಎಂಬ ಕಡಲತೀರದ ಹಳ್ಳಿಗೆ ಹೋದರು. ಮನೆಯ ಹತ್ತಿರವೇ ಗೀಜಗನ ಗೂಡುಗಳಿದ್ದವು. ಆ ಮಳೆಗಾಲವಿಡೀ ಕುಳಿತು ಅವನ್ನು ನೋಡಿದರು. ಗಂಡು ಗೀಜಗ ಗೂಡನ್ನು ಅರ್ಧ ಕಟ್ಟುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಅದನ್ನು ಪೂರ್ಣಗೊಳಿಸುತ್ತದೆ. ಅದು ಮೊಟ್ಟೆಯಿಟ್ಟ ಬಳಿಕ ಗಂಡು ಇನ್ನೊಂದು ಗೂಡು ಕಟ್ಟಲು ತೊಡಗಿ, ಬೇರೆ ಹೆಣ್ಣನ್ನು ಕರೆಯುತ್ತದೆ. ಹಳ್ಳಿಯ ಜನ ದಿನವೂ ಕಾಣುತ್ತಿದ್ದ ಹಕ್ಕಿಯ ಈ ಬದುಕನ್ನು ಅಧ್ಯಯನವಾಗಿ ಪ್ರಕಟಿಸಿದಾಗ ಅವರ ಹೆಸರು ವಿಜ್ಞಾನ ವಲಯದಲ್ಲಿ ಹಬ್ಬಿತು. ವಿದ್ಯಾರ್ಥಿಗಳೇ, ಇದನ್ನು ಮರೆಯಬೇಡಿ. ಅಧ್ಯಯನಕ್ಕೆ ದೂರದ ಅಭಯಾರಣ್ಯವೇ ಬೇಕಿಲ್ಲ. ಒಂದೇ ಜಾಗ, ಒಂದೇ ಜೀವಿ, ತಾಳ್ಮೆ ಇದ್ದರೆ ಸಾಕು.

ಮುಂದೆ ಅವರು ಸಂಸ್ಥಾನಗಳ ಪಕ್ಷಿ ಸಮೀಕ್ಷೆಗೆ ಹೊರಟರು. ಖರ್ಚನ್ನು ಸಂಸ್ಥಾನ ಕೊಟ್ಟರೆ ಸಾಕು, ತಮ್ಮ ಶ್ರಮಕ್ಕೆ ಸಂಬಳ ಬೇಡ ಎಂಬುದು ಅವರ ಷರತ್ತು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ, ಆಮೇಲೆ ನಮ್ಮ ಮೈಸೂರು. ಎಲ್ಲಿ ಬಿಡಾರ ಹೂಡಬೇಕು, ಯಾವ ಬಗೆಯ ಕಾಡಿನಲ್ಲಿ ಎಷ್ಟು ದಿನ ಇರಬೇಕು ಎಂಬುದು ಮೊದಲೇ ನಿಶ್ಚಯವಾಗುತ್ತಿತ್ತು. ಹಲವು ಶಿಬಿರಗಳಲ್ಲಿ ತೆಹಮೀನಾ ಜೊತೆಗಿದ್ದರು. 1939ರಲ್ಲಿ ಅವರು ನಿಧನರಾದಾಗ ಸಲೀಂ ಅಲಿ ಕುಸಿದುಹೋದರು, ಆದರೆ ಕೆಲಸ ನಿಲ್ಲಿಸಲಿಲ್ಲ. ಮೈಸೂರಿನ ಪಕ್ಷಿಗಳ ವರದಿ 1942-43ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಂದಿನ ಸಮೀಕ್ಷೆಗಳಲ್ಲಿ ಮಾದರಿಗಾಗಿ ಹಕ್ಕಿಗಳನ್ನು ಹೊಡೆಯುವುದು ವಾಡಿಕೆಯಾಗಿತ್ತು. ಇಂದು ಅದು ಕಾನೂನಿಗೆ ವಿರುದ್ಧ. ನಮಗೆ ಕಣ್ಣು, ಬೈನಾಕ್ಯುಲರ್ ಮತ್ತು ನೋಟ್‌ಬುಕ್ ಸಾಕು.

ನೋಡಿದ್ದು ಜಾಗವನ್ನು ಕಾಪಾಡಬಲ್ಲದು ಎಂಬುದಕ್ಕೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಸಾಕ್ಷಿ. ಕಾವೇರಿಯ ನಡುವಿನ ಆ ತಿಟ್ಟುಗಳಲ್ಲಿ ನೀರುಹಕ್ಕಿಗಳು ಗೂಡು ಕಟ್ಟುವುದನ್ನು ಗಮನಿಸಿದ ಸಲೀಂ ಅಲಿ ಮೈಸೂರಿನ ಮಹಾರಾಜರಿಗೆ ಅದರ ಮಹತ್ವ ತಿಳಿಸಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ, ವಲಸೆ ಹಕ್ಕಿಗಳು ರೋಗ ತಂದವೇ ಎಂಬ ಪ್ರಶ್ನೆ ಎದ್ದಿತು. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯನ್ನು ಅರಿಯುವ ದೊಡ್ಡ ಯೋಜನೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅವರು ಮುನ್ನಡೆಸಿದರು.

1941ರಲ್ಲಿ ಬಂದ ಅವರ ಭಾರತೀಯ ಪಕ್ಷಿಗಳ ಪುಸ್ತಕ ಸಾಮಾನ್ಯ ಓದುಗರ ಕೈಗೆ ಹಕ್ಕಿಗಳನ್ನು ತಲುಪಿಸಿತು. ಡಿಲ್ಲನ್ ರಿಪ್ಲಿಯವರೊಡನೆ ಬರೆದ ಹತ್ತು ಸಂಪುಟಗಳ ಕೈಪಿಡಿ 1968ರಿಂದ 1974ರವರೆಗೆ ಹೊರಬಂತು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ದೊರೆತವು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರ ಜೂನ್ 20ರಂದು ನಿಧನರಾದರು.

ಈ ಜೀವನದಿಂದ ನಮ್ಮ ಪ್ರವಾಸಗಳಿಗೆ ಏನು ಸಿಗುತ್ತದೆ? ಹೊರಡುವ ಮೊದಲು ಪ್ರಶ್ನೆ ಇರಬೇಕು. ನಮ್ಮ ಊರ ಕೆರೆಯಲ್ಲಿ ಬೆಳಿಗ್ಗೆ ಯಾವ ಹಕ್ಕಿಗಳು ಏನು ತಿನ್ನುತ್ತವೆ ಎಂಬಷ್ಟು ಚಿಕ್ಕ ಪ್ರಶ್ನೆಯೇ ಸಾಕು. ಶಿಕ್ಷಕರು ಒಮ್ಮೆ ತಾವೇ ಹೋಗಿ ದಾರಿ, ನೀರಿನ ಆಳ, ನೆರಳು ನೋಡಿ ಬರಬೇಕು. ಪೋಷಕರ ಒಪ್ಪಿಗೆ, ಅರಣ್ಯವಾದರೆ ಇಲಾಖೆಯ ಅನುಮತಿ ಪಡೆಯಬೇಕು. ಕಾಲವನ್ನೂ ತಿಳಿದಿರಬೇಕು. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ. ಐದೈದು ಮಕ್ಕಳ ಗುಂಪು ಮಾಡಿ, ಒಬ್ಬರು ನೋಡಲು, ಒಬ್ಬರು ಎಣಿಸಲು, ಒಬ್ಬರು ಬರೆಯಲು ಎಂದು ಕೆಲಸ ಹಂಚಬೇಕು. ದಿನ, ವೇಳೆ, ಸ್ಥಳ, ಸಂಖ್ಯೆ, ವರ್ತನೆ ಇವನ್ನು ಸ್ಥಳದಲ್ಲೇ ಬರೆಯಬೇಕು. ಗೂಡು ಮುಟ್ಟಬಾರದು, ಕೂಗಬಾರದು. ಮರಳಿದ ಮೇಲೆ ತರಗತಿಯಲ್ಲಿ ಪಟ್ಟಿ ಮಾಡಿ, ಮುಂದಿನ ತಿಂಗಳು ಅದೇ ಜಾಗಕ್ಕೆ ಮತ್ತೆ ಹೋಗಬೇಕು. ಎರಡನೆಯ ಭೇಟಿಯಲ್ಲಿ ಏನು ಬದಲಾಗಿದೆ ಎಂದು ಮಕ್ಕಳೇ ಕೇಳತೊಡಗುತ್ತಾರೆ.

ನಿಮ್ಮ ತರಗತಿಯ ಯಾವುದೋ ಮಗು ನಾಳೆ ಹೆಸರು ಗೊತ್ತಿಲ್ಲದ ಹಕ್ಕಿಯ ಬಗ್ಗೆ ಕೇಳಬಹುದು. ಗೊತ್ತಿಲ್ಲವೆಂದು ಹೇಳಲು ನಾವು ನಾಚಬೇಕಿಲ್ಲ. ಅಮೀರುದ್ದೀನ್ ಅವರಿಗೂ ಗೊತ್ತಿರಲಿಲ್ಲ. ಅವರು ಚೀಟಿ ಬರೆದುಕೊಟ್ಟರು, ಅಷ್ಟೇ.