ಶಾಲೆಗಳ ತಪಾಸಣೆಗೆ ಹೊರಟು ಶಾಸನಗಳನ್ನು ಓದಿದ ಅಧಿಕಾರಿ: ಬಿ.ಎಲ್. ರೈಸ್

ಕರ್ನಾಟಕದ ಇತಿಹಾಸವನ್ನು ಸ್ವಲ್ಪವಾದರೂ ಓದಿದವರಿಗೆ ಬೆಂಜಮಿನ್ ಲೂಯಿಸ್ ರೈಸ್ ಅವರ ಹೆಸರು ಅಪರಿಚಿತವಲ್ಲ. 12 ಸಂಪುಟಗಳ ‘ಎಪಿಗ್ರಾಫಿಯಾ ಕರ್ನಾಟಿಕಾ’, ಅದರಲ್ಲಿ ಅಡಕವಾಗಿರುವ 8,869 ಶಾಸನಗಳು, ಇವುಗಳಿಂದಾಗಿ ನಾಡು ಅವರನ್ನು ಶಾಸನ ಪಿತಾಮಹ ಎಂದು ಗೌರವಿಸುತ್ತ ಬಂದಿದೆ. ಪಠ್ಯಪುಸ್ತಕಗಳಲ್ಲಿ ಅವರ ಪರಿಚಯ ಸಾಮಾನ್ಯವಾಗಿ ಇಷ್ಟಕ್ಕೇ ಮುಗಿಯುತ್ತದೆ. ಆದರೆ ರೈಸ್ ಅವರು ಮೈಸೂರು ಸಂಸ್ಥಾನದ ಸೇವೆಗೆ ಸೇರಿದ್ದು ಶಾಸನಗಳನ್ನು ಓದುವುದಕ್ಕಲ್ಲ, ಮಕ್ಕಳಿಗೆ ಪಾಠ ಹೇಳುವುದಕ್ಕೆ. ತಮ್ಮ 53ನೆಯ ವಯಸ್ಸಿನವರೆಗೂ ಅವರು ಶಾಸನಗಳ ಕೆಲಸವನ್ನು ಬೇರೆ ಹೊಣೆಗಳ ಜೊತೆಯಲ್ಲಿಯೇ ನಡೆಸಿದರು. ಯಾವ ಕೆಲಸಕ್ಕಾಗಿ ಅವರನ್ನು ಇಂದು ಸ್ಮರಿಸುತ್ತೇವೆಯೋ ಅದು ಬಹುಕಾಲ ಅವರ ಎರಡನೆಯ ಕೆಲಸವಾಗಿತ್ತು.

ಉದ್ಯೋಗವನ್ನು ಬಿಡದೆ ಮತ್ತೊಂದು ಕೆಲಸವನ್ನು ಕೈಗೆತ್ತಿಕೊಳ್ಳುವುದು ಈಗ ನಗರಗಳಲ್ಲಿ ನಿತ್ಯದ ಮಾತಾಗಿದೆ. ಅಂಥ ಕೆಲಸ ಎಷ್ಟು ದೂರ ಸಾಗಬಲ್ಲದು, ಎಲ್ಲಿ ಸೋಲುತ್ತದೆ, ಅದಕ್ಕೆ ಏನು ಬೆಲೆ ತೆರಬೇಕಾಗುತ್ತದೆ ಎಂಬ ಪ್ರಶ್ನೆಗಳಿಗೆ ರೈಸ್ ಅವರ ಬದುಕಿನಲ್ಲಿ ಖಚಿತವಾದ ಉತ್ತರಗಳಿವೆ.

ಬೆಂಗಳೂರಿನಲ್ಲಿ ಹುಟ್ಟಿದ ಬಾಲಕ

ರೈಸ್ ಅವರು ಜನಿಸಿದ್ದು 1837ರ ಜುಲೈ 17ರಂದು, ಬೆಂಗಳೂರಿನಲ್ಲಿ. ತಂದೆ ರೆವರೆಂಡ್ ಬೆಂಜಮಿನ್ ರೈಸ್ ಅವರು ಲಂಡನ್ ಮಿಷನ್ ಸಂಸ್ಥೆಯ ಪಾದ್ರಿ. ಕನ್ನಡವನ್ನು ಚೆನ್ನಾಗಿ ಕಲಿತು, ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿಯೂ ಶಾಲೆಗಳ ಸ್ಥಾಪನೆಯಲ್ಲಿಯೂ ದುಡಿದವರು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚ್ ಈ ತಂದೆಯ ನೆನಪಿನದು. ಹೆಸರಿನ ಸಾಮ್ಯದಿಂದಾಗಿ ಅದು ಮಗನ ಸ್ಮಾರಕವೆಂದು ಭಾವಿಸುವವರೂ ಇದ್ದಾರೆ.

ಬಾಲ್ಯದಲ್ಲಿಯೇ ಕನ್ನಡ ಕಿವಿಗೆ ಬಿದ್ದಿದ್ದ ಬಾಲಕ ಉನ್ನತ ವ್ಯಾಸಂಗವನ್ನು ಇಂಗ್ಲೆಂಡಿನಲ್ಲಿ ಮುಗಿಸಿ, 1860ರಲ್ಲಿ ಹುಟ್ಟೂರಿಗೆ ಮರಳಿದರು. ಆಗ ಅವರಿಗೆ 23 ವರ್ಷ. ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರ ಹುದ್ದೆ ಅವರದಾಯಿತು. ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದದ್ದು ಇದೇ ಶಾಲೆ. ಐದು ವರ್ಷಗಳ ನಂತರ, 1865ರಲ್ಲಿ, ಮೈಸೂರು ಮತ್ತು ಕೊಡಗು ಪ್ರಾಂತ್ಯಗಳ ಶಾಲಾ ಇನ್ಸ್‌ಪೆಕ್ಟರ್ ಆಗಿ ನೇಮಕಗೊಂಡರು. ಅವರ ಬದುಕು ತಿರುವು ಪಡೆದುದು ಇಲ್ಲಿಯೇ.

ತಪಾಸಣೆಯ ದಾರಿ

ಇಂದಿನ ಅರ್ಥದ ರಸ್ತೆಗಳಾಗಲಿ, ಒಳನಾಡಿಗೆ ರೈಲಾಗಲಿ ಇಲ್ಲದ ಕಾಲ. ಶಾಲಾ ಇನ್ಸ್‌ಪೆಕ್ಟರ್ ಎಂದರೆ ವರ್ಷದ ಬಹುಭಾಗ ಊರೂರು ಸುತ್ತಬೇಕಾದ ಅಧಿಕಾರಿ. ಹಳ್ಳಿಯ ಶಾಲೆ ಹೆಚ್ಚಾಗಿ ನಡೆಯುತ್ತಿದ್ದುದು ಗುಡಿಯ ಜಗಲಿಯಲ್ಲಿ, ಚಾವಡಿಯಲ್ಲಿ ಅಥವಾ ಅವುಗಳ ಆಸುಪಾಸಿನಲ್ಲಿ. ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಊರ ಬಾಗಿಲಲ್ಲಿ, ಹೊಲದ ಬದುವಿನಲ್ಲಿ ಬರಹವಿರುವ ಕಲ್ಲುಗಳು ನಿಂತಿರುತ್ತಿದ್ದವು. ಆ ಬರಹ ಕನ್ನಡದ್ದೇ ಆದರೂ ಹಳೆಯ ಅಕ್ಷರ, ಹಳೆಯ ಭಾಷೆ. ಕೃಷ್ಣರಾಜ ಒಡೆಯರ ಕಾಲದ ಓಲೆಗರಿಯನ್ನು ಸಲೀಸಾಗಿ ಓದುವ ಶಾನುಭೋಗರಿಗೂ ಗಂಗರ ಕಾಲದ ಲಿಪಿ ಒಗಟಾಗಿತ್ತು.

ಮೈಸೂರಿನ ಇತಿಹಾಸವೆಂದರೆ ಆಗ ವಿದ್ಯಾವಂತರ ಕೈಗೆ ಸಿಗುತ್ತಿದ್ದುದು ಮುಖ್ಯವಾಗಿ ವಿಲ್ಕ್ಸ್ ಬರೆದ ಗ್ರಂಥ. ಅದರ ಗಮನವಿದ್ದುದು ಒಡೆಯರು, ಹೈದರ್ ಮತ್ತು ಟಿಪ್ಪು ಅವರ ಕಾಲದ ಮೇಲೆ. ಅದಕ್ಕೂ ಹಿಂದಿನ ಸಾವಿರ ವರ್ಷಗಳ ಕತೆ ಸ್ಥಳಪುರಾಣಗಳಲ್ಲಿ, ಕೈಫಿಯತ್ತುಗಳಲ್ಲಿ ಚದುರಿಹೋಗಿತ್ತು. ಅದನ್ನು ಖಚಿತಪಡಿಸಬಲ್ಲ ಸಾಕ್ಷಿಯೆಲ್ಲ ಕಲ್ಲಿನ ಮೇಲಿತ್ತು. ಆ ಕಲ್ಲುಗಳಾದರೋ ಮಳೆಗೆ ಸವೆಯುತ್ತಿದ್ದವು, ಬಟ್ಟೆ ಒಗೆಯುವ ಬಂಡೆಗಳಾಗುತ್ತಿದ್ದವು, ಮೆಟ್ಟಿಲುಗಳಾಗಿ ಕಟ್ಟಡಗಳಲ್ಲಿ ಸೇರಿಹೋಗುತ್ತಿದ್ದವು. ಶಾಸನಗಳಿಗಾಗಿಯೇ ಒಂದು ಇಲಾಖೆ ಹುಟ್ಟುವವರೆಗೆ ಕಾಯುವಷ್ಟು ವ್ಯವಧಾನ ಅವಕ್ಕಿರಲಿಲ್ಲ.

ರೈಸ್ ಅವರು ಇನ್ಸ್‌ಪೆಕ್ಟರ್ ಆದ 1865ರಲ್ಲಿಯೇ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಚಿತ್ರದುರ್ಗ, ಬಳ್ಳಿಗಾವಿ, ಹರಿಹರ ಮೊದಲಾದೆಡೆಯ ಶಾಸನಗಳ ಛಾಯಾಚಿತ್ರ ತೆಗೆದಿದ್ದರು. ಚಿತ್ರಗಳೇನೋ ಇದ್ದವು, ಓದುವವರಿರಲಿಲ್ಲ. ಕ್ರಮೇಣ ಅವುಗಳನ್ನು ಅನುವಾದಿಸುವ ಹೊಣೆ ರೈಸ್ ಅವರ ಪಾಲಿಗೆ ಬಂತು. ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು, ಪಂಡಿತರ ನೆರವಿನಿಂದ ಹಳಗನ್ನಡವನ್ನೂ ಹಳೆಯ ಲಿಪಿಯನ್ನೂ ಬಿಡಿಸುತ್ತ, ಪ್ರವಾಸದಲ್ಲಿ ತಾವೇ ಕಂಡ ಶಾಸನಗಳನ್ನೂ ಸೇರಿಸುತ್ತ ಹೋದರು. ಹೀಗೆ ಸರ್ಕಾರಕ್ಕಾಗಿ ಮಾಡಿದ ಅನುವಾದಗಳ ಸಂಕಲನ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ 1879ರಲ್ಲಿ ಹೊರಬಂತು. ಇನ್ಸ್‌ಪೆಕ್ಟರ್ ಹುದ್ದೆ ಹಿಡಿದಂದಿನಿಂದ ಈ ಪುಸ್ತಕದವರೆಗೆ 14 ವರ್ಷಗಳು ಸಂದಿದ್ದವು.

ಕಚೇರಿಯ ಭಾರ

ಈ ಅವಧಿಯಲ್ಲಿ ಕಚೇರಿಯ ಕೆಲಸವೇನೂ ಹಗುರವಾಗಿರಲಿಲ್ಲ. ರೈಸ್ ಅವರು ಶಿಕ್ಷಣ ಇಲಾಖೆಯ ನಿರ್ದೇಶಕರ ಸ್ಥಾನಕ್ಕೇರಿದರು. ಹೋಬಳಿಗೊಂದು ಶಾಲೆ ಎಂಬ 1868ರ ಯೋಜನೆಯ ಹಿಂದೆ ಅವರಿದ್ದರು. ಸಂಸ್ಥಾನದ ಹಳ್ಳಿಗಾಡಿನಲ್ಲಿ ಸರ್ಕಾರಿ ಪ್ರಾಥಮಿಕ ಶಿಕ್ಷಣ ಬೇರೂರುವಲ್ಲಿ ಈ ಯೋಜನೆಯ ಪಾತ್ರ ದೊಡ್ಡದು. ಮೈಸೂರು ಮತ್ತು ಕೊಡಗಿನ ಗೆಜೆಟಿಯರನ್ನು ಸಿದ್ಧಪಡಿಸುವ ಕಾರ್ಯವೂ ಅವರ ಹೆಗಲೇರಿತು. ಭೂಗೋಳ, ಇತಿಹಾಸ, ಜನಜೀವನ, ಆಡಳಿತಗಳನ್ನು ಒಳಗೊಂಡ ಆ ಸಂಪುಟಗಳು 1876ರಿಂದ 1878ರ ನಡುವೆ, ಸಂಸ್ಥಾನವು ಭೀಕರ ಬರಗಾಲದಲ್ಲಿ ನರಳುತ್ತಿದ್ದ ವೇಳೆಯಲ್ಲಿಯೇ ಪ್ರಕಟಗೊಂಡವು.

1881ರಲ್ಲಿ ಬ್ರಿಟಿಷರು ಆಡಳಿತವನ್ನು ಚಾಮರಾಜ ಒಡೆಯರಿಗೆ ಹಿಂತಿರುಗಿಸಿದರು. ಅದೇ ವರ್ಷದ ಜನಗಣತಿಯ ವರದಿಯನ್ನು ಬರೆದವರು ರೈಸ್. 1871ರಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ ಬರದ ಹೊಡೆತದಿಂದ 1881ರಲ್ಲಿ 42 ಲಕ್ಷದ ಒಳಗೆ ಕುಸಿದಿದ್ದುದು ಆ ಗಣತಿಯಲ್ಲಿ ದಾಖಲಾಯಿತು. ಅದರ ಬೆನ್ನಲ್ಲಿಯೇ, ಭಾರತದ ಶಿಕ್ಷಣ ವ್ಯವಸ್ಥೆಯ ಪರಿಶೀಲನೆಗಾಗಿ 1882ರಲ್ಲಿ ನೇಮಕಗೊಂಡ ಹಂಟರ್ ಆಯೋಗದ ಕಾರ್ಯದರ್ಶಿಯಾಗಿ ದುಡಿದರು.

ಇಷ್ಟರ ನಡುವೆಯೂ ಎರಡನೆಯ ಕೆಲಸ ನಿಲ್ಲಲಿಲ್ಲ. 1884ರಲ್ಲಿ ಮೈಸೂರು ಮತ್ತು ಕೊಡಗಿನಲ್ಲಿ ದೊರೆಯುವ ಸಂಸ್ಕೃತ ಹಸ್ತಪ್ರತಿಗಳ ಪಟ್ಟಿಯನ್ನು ಹೊರತಂದರು. ಅದೇ ವರ್ಷ ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’ವನ್ನು ಪ್ರಕಟಿಸಿ, ‘ಬಿಬ್ಲಿಯಾಥೆಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆಗೆ ನಾಂದಿ ಹಾಡಿದರು. ಭಟ್ಟಾಕಳಂಕನ ‘ಶಬ್ದಾನುಶಾಸನ’, 1898ರಲ್ಲಿ ಪಂಪಭಾರತ, ಅದೇ ವರ್ಷ ಕೆ.ಬಿ. ಪಾಠಕ್ ಅವರು ಸಂಪಾದಿಸಿದ ‘ಕವಿರಾಜಮಾರ್ಗ’, ಇವೆಲ್ಲ ಓಲೆಗರಿಯಿಂದ ಅಚ್ಚಿಗೆ ಬಂದುದು ಈ ಮಾಲೆಯಲ್ಲಿ.

ಮುಖ್ಯ ಉದ್ಯೋಗಕ್ಕೂ ಎರಡನೆಯ ಕೆಲಸಕ್ಕೂ ಇದ್ದ ನಂಟನ್ನು ಇಲ್ಲಿ ಗಮನಿಸಬೇಕು. ಶಾಲಾ ತಪಾಸಣೆಯ ಪ್ರವಾಸ ಅವರನ್ನು ಶಾಸನಗಳ ಬಳಿಗೆ ಕೊಂಡೊಯ್ದಿತು. ಗೆಜೆಟಿಯರಿಗಾಗಿ ಬೇಕಾಗಿದ್ದ ಇತಿಹಾಸ ಶಾಸನಗಳನ್ನು ಓದಲೇಬೇಕಾದ ಅಗತ್ಯ ಒಡ್ಡಿತು. ಶಾಸನದ ಭಾಷೆ ತಿಳಿಯಲು ಹಳೆಯ ವ್ಯಾಕರಣ ಗ್ರಂಥಗಳು ಬೇಕಾದವು, ಅವುಗಳ ಹುಡುಕಾಟ ಹಸ್ತಪ್ರತಿಗಳ ಸಂಗ್ರಹವಾಯಿತು. ಒಂದು ಕೆಲಸದ ವೇಳೆಯನ್ನು ಕದ್ದು ಇನ್ನೊಂದನ್ನು ಮಾಡುವ ಸ್ಥಿತಿ ಅವರದಾಗಿರಲಿಲ್ಲ. ಒಂದರ ದಾರಿಯಲ್ಲಿಯೇ ಇನ್ನೊಂದು ಸಿಗುತ್ತಿತ್ತು.

ಅರೆಕಾಲಿಕದ ಮಿತಿ

1885ರಲ್ಲಿ ಮೈಸೂರು ಸರ್ಕಾರ ಪುರಾತತ್ವ ಇಲಾಖೆಯನ್ನು ಆರಂಭಿಸಿತು. ಅದರ ನಿರ್ದೇಶಕರ ಹೊಣೆಯನ್ನು ಹೆಚ್ಚುವರಿಯಾಗಿ ರೈಸ್ ಅವರಿಗೆ ವಹಿಸಲಾಯಿತು. ಮರುವರ್ಷ ಕೊಡಗಿನ ಶಾಸನಗಳ ಸಂಪುಟ ಹೊರಬಂತು. ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟವದು. 1889ರಲ್ಲಿ ಶ್ರವಣಬೆಳಗೊಳದ ಶಾಸನಗಳ ಎರಡನೆಯ ಸಂಪುಟ ಪ್ರಕಟವಾಯಿತು. 1890ರಲ್ಲಿ ಅವರನ್ನು ಬೇರೆ ಹೊಣೆಗಳಿಂದ ಬಿಡುಗಡೆ ಮಾಡಿ, ಪುರಾತತ್ವ ಇಲಾಖೆಗೆ ಪೂರ್ಣಾವಧಿ ನಿರ್ದೇಶಕರನ್ನಾಗಿ ನೇಮಿಸಲಾಯಿತು.

ನಂತರದ ವೇಗ ಬೆರಗು ಹುಟ್ಟಿಸುವಂಥದು. ತಾಲ್ಲೂಕು ತಾಲ್ಲೂಕಾಗಿ ಹಳ್ಳಿಗಳನ್ನು ಶೋಧಿಸಿ, ಕಲ್ಲುಗಳನ್ನು ತೊಳೆದು, ಮಸಿ ಕಾಗದಗಳಿಂದ ಪಡಿಯಚ್ಚು ತೆಗೆದು, ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಹಾಗೂ ಪೀಠಿಕೆಗಳೊಂದಿಗೆ 1894ರಿಂದ 1905ರೊಳಗೆ ಉಳಿದ ಹತ್ತು ಸಂಪುಟಗಳನ್ನು ಮುಗಿಸಿದರು. 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳು ಅವರ ಕಣ್ಣಿಗೆ ಬಿದ್ದವು. ಮೌರ್ಯರ ಆಡಳಿತ ಇಂದಿನ ಕರ್ನಾಟಕದವರೆಗೂ ಹಬ್ಬಿತ್ತೆಂಬುದಕ್ಕೆ ಕಲ್ಲಿನ ಸಾಕ್ಷಿ ದೊರೆತುದು ಆಗಲೇ. ಎರಡು ವರ್ಷಗಳ ನಂತರ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಬೆಳಕಿಗೆ ಬಂದು, ಕದಂಬ ವಂಶದ ಮೂಲಪುರುಷ ಮಯೂರಶರ್ಮನ ಕತೆ ಇತಿಹಾಸದ ನೆಲೆ ಪಡೆಯಿತು.

ಎರಡು ಅವಧಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಅರೆಕಾಲಿಕ ದುಡಿಮೆಯ ಶಕ್ತಿಯೂ ಮಿತಿಯೂ ತಿಳಿಯುತ್ತವೆ. ಇಪ್ಪತ್ತೈದು ವರ್ಷಗಳ ಜೊತೆಗೆಲಸದಿಂದ ಬಂದ ಎಪಿಗ್ರಾಫಿಯಾ ಸಂಪುಟಗಳು ಎರಡು, ಹದಿನೈದು ವರ್ಷಗಳ ಪೂರ್ಣ ದುಡಿಮೆಯಿಂದ ಬಂದವು ಹತ್ತು. ಶ್ರವಣಬೆಳಗೊಳದ ಸಂಪುಟದಲ್ಲಿ ರೈಸ್ ಅವರು ಕೊಟ್ಟಿದ್ದು 144 ಶಾಸನಗಳನ್ನು. ಅವರ ಉತ್ತರಾಧಿಕಾರಿ ಆರ್. ನರಸಿಂಹಾಚಾರ್ಯರು ಅದೇ ಕ್ಷೇತ್ರವನ್ನು ಮತ್ತೆ ಶೋಧಿಸಿ 1923ರಲ್ಲಿ ಪ್ರಕಟಿಸಿದ ಪರಿಷ್ಕೃತ ಸಂಪುಟದಲ್ಲಿ ಶಾಸನಗಳ ಸಂಖ್ಯೆ 500ಕ್ಕೇರಿತು. ಬಿಡುವಿನ ವೇಳೆಯಲ್ಲಿ ಕೈಗೆ ಸಿಗದೆ ಉಳಿದುದು ಎಷ್ಟೆಂಬುದಕ್ಕೆ ಈ ಅಂತರವೇ ಅಳತೆ. ಆದರೆ ಆ ಮೊದಲ ಇಪ್ಪತ್ತೈದು ವರ್ಷಗಳ ಅಭ್ಯಾಸ ಇಲ್ಲದಿದ್ದರೆ ಹತ್ತು ಸಂಪುಟಗಳು ಅಷ್ಟು ಬೇಗ ಬರುವುದೂ ಸಾಧ್ಯವಿರಲಿಲ್ಲ. ಅವರಿಗೆ ಹುದ್ದೆ ದೊರೆತಾಗ ವಿದ್ಯೆ ಸಿದ್ಧವಾಗಿತ್ತು.

ವಿಮರ್ಶೆಯ ಬಿಸಿ

ರೈಸ್ ಅವರಿಗೆ ಕಠಿಣ ವಿಮರ್ಶಕರೊಬ್ಬರು ಸಿಕ್ಕಿದ್ದರು. ಮುಂಬಯಿ ಪ್ರಾಂತ್ಯದ ಕಂದಾಯ ಅಧಿಕಾರಿ ಜೆ.ಎಫ್. ಫ್ಲೀಟ್. ವಿಶೇಷವೆಂದರೆ ಅವರೂ ಸರ್ಕಾರಿ ಉದ್ಯೋಗದ ಜೊತೆಯಲ್ಲಿಯೇ ಶಾಸನಗಳನ್ನು ಓದಿ ದೊಡ್ಡ ವಿದ್ವಾಂಸರಾದವರು. ಗಂಗರ ಹೆಸರಿನ ಅನೇಕ ತಾಮ್ರಪಟಗಳನ್ನು ರೈಸ್ ಅವರು ನಂಬಿ ಇತಿಹಾಸ ಕಟ್ಟಿದರೆ, ಅವುಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟ್ ವಾದಿಸಿದರು. ಚಂದ್ರಗುಪ್ತ ಮೌರ್ಯನು ಭದ್ರಬಾಹುವಿನೊಂದಿಗೆ ಶ್ರವಣಬೆಳಗೊಳಕ್ಕೆ ಬಂದನೆಂಬ ಪರಂಪರೆಯನ್ನು ರೈಸ್ ಎತ್ತಿಹಿಡಿದರೆ, ಫ್ಲೀಟ್ ಅದನ್ನು ಒಪ್ಪಲಿಲ್ಲ. ಈ ವಾಗ್ವಾದ ವರ್ಷಗಟ್ಟಲೆ ನಡೆಯಿತು. ರೈಸ್ ಅವರ ಓದುಗಳಲ್ಲಿ ದೋಷಗಳಿದ್ದುದು ನಿಜ. ನಂತರದ ವಿದ್ವಾಂಸರು ಅನೇಕ ಪಾಠಗಳನ್ನು ತಿದ್ದಿದ್ದಾರೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನೇ ಕೈಗೊಂಡಿತು.

ಆದರೂ ತಿದ್ದುವುದಕ್ಕೆ ಮೊದಲು ತಿದ್ದಬಹುದಾದ ಒಂದು ಪಾಠ ಇರಬೇಕಾಗುತ್ತದೆ. ರೈಸ್ ಅವರು ಪಡಿಯಚ್ಚು ತೆಗೆಸಿದ ಕಲ್ಲುಗಳಲ್ಲಿ ಎಷ್ಟೋ ಈಗ ಕಾಣೆಯಾಗಿವೆ, ಒಡೆದುಹೋಗಿವೆ. ಅವುಗಳ ಮಟ್ಟಿಗೆ ಆ ಸಂಪುಟದ ಪುಟವೇ ಉಳಿದಿರುವ ಶಾಸನ. ತಾಲ್ಲೂಕಿನ ಹೆಸರು, ಅದರ ಮುಂದೊಂದು ಸಂಖ್ಯೆ, ಹೀಗೆ ಅವರು ಹಾಕಿಕೊಟ್ಟ ಕ್ರಮದಲ್ಲಿಯೇ ಸಂಶೋಧಕರು ಈಗಲೂ ಶಾಸನಗಳನ್ನು ಉಲ್ಲೇಖಿಸುತ್ತಾರೆ.

ಇನ್ನೊಂದು ಮಾತನ್ನೂ ಹೇಳಬೇಕು. ಇದು ಒಬ್ಬರ ದುಡಿಮೆಯಲ್ಲ. ಪಡಿಯಚ್ಚು ತೆಗೆದವರು, ಹಳಗನ್ನಡ ಸಂಸ್ಕೃತಗಳನ್ನು ಬಿಡಿಸಿಕೊಟ್ಟ ಪಂಡಿತರು, ಸರ್ಕಾರಿ ಮುದ್ರಣಾಲಯದ ಕೆಲಸಗಾರರು ರೈಸ್ ಅವರ ಬೆನ್ನಿಗಿದ್ದರು. ಆಳುವವರ ವರ್ಗಕ್ಕೆ ಸೇರಿದ ಅಧಿಕಾರಿಯಾಗಿದ್ದುದರಿಂದ ಅವರಿಗೆ ಅಂಥ ಅನುಕೂಲಗಳು ಒದಗಿದವು. ಮುಖಪುಟದಲ್ಲಿ ಅಚ್ಚಾದುದು ರೈಸ್ ಅವರ ಹೆಸರು, ಆ ಪಂಡಿತರಲ್ಲಿ ನಾಡಿಗೆ ಪರಿಚಿತರಾದವರು ನರಸಿಂಹಾಚಾರ್ಯರಂಥ ಕೆಲವರು ಮಾತ್ರ. ಉದ್ಯೋಗದ ಜೊತೆ ಮತ್ತೊಂದು ಕೆಲಸ ಮಾಡುವವರ ಯಶಸ್ಸಿನಲ್ಲಿ ಹೀಗೆ ಕಾಣದ ಕೈಗಳು ಇದ್ದೇ ಇರುತ್ತವೆ.

ಕೊನೆಯ ದಿನಗಳು

1906ರಲ್ಲಿ, 69ನೆಯ ವಯಸ್ಸಿನಲ್ಲಿ, ರೈಸ್ ಅವರು ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದರು. ಸೇವೆಗೆ ಸೇರಿ 46 ವರ್ಷಗಳಾಗಿದ್ದವು. ಅಲ್ಲಿಯೂ ಸುಮ್ಮನೆ ಕೂರಲಿಲ್ಲ. ತಾವು ಸಂಗ್ರಹಿಸಿದ ಶಾಸನಗಳ ಸಾರವನ್ನೆಲ್ಲ ಒಗ್ಗೂಡಿಸಿ, ಶಾಸನಗಳಿಂದ ಕಾಣುವ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು 1909ರಲ್ಲಿ ಲಂಡನ್ನಿನಿಂದ ಪ್ರಕಟಿಸಿದರು. ಆಗ ಅವರಿಗೆ ಸಂಬಳವೂ ಇರಲಿಲ್ಲ, ಹುದ್ದೆಯೂ ಇರಲಿಲ್ಲ. ಆರಂಭದಲ್ಲಿದ್ದಂತೆ ಕೊನೆಯಲ್ಲಿಯೂ ಅದು ಅವರ ಸ್ವಂತ ಕೆಲಸವಾಗಿತ್ತು. 1927ರ ಜುಲೈ 10ರಂದು, 90 ತುಂಬಲು ಒಂದು ವಾರವಿರುವಾಗ, ಹ್ಯಾರೋದಲ್ಲಿ ನಿಧನರಾದರು.

ಅವರ ನಂತರ ನರಸಿಂಹಾಚಾರ್ಯರು, ಅನಂತರ ಎಂ.ಎಚ್. ಕೃಷ್ಣ ಅವರು ಇಲಾಖೆಯನ್ನು ಮುನ್ನಡೆಸಿದರು. 1936ರಲ್ಲಿ ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನ, ರೈಸ್ ಅವರು ಸಾವಿರಾರು ಹಳ್ಳಿಗಳನ್ನು ಶೋಧಿಸಿದ ಮೇಲೂ ನೆಲದಲ್ಲಿ ಇನ್ನೆಷ್ಟು ಉಳಿದಿತ್ತೆಂಬುದನ್ನು ತೋರಿಸಿತು. ಈಗಲೂ ರಸ್ತೆ ಅಗಲಿಸುವಾಗ, ಹಳೆಯ ಗುಡಿಗಳ ಜೀರ್ಣೋದ್ಧಾರ ನಡೆಯುವಾಗ ಅಕ್ಷರವಿರುವ ಕಲ್ಲುಗಳು ಹೊರಬರುತ್ತಿವೆ. ಅವುಗಳನ್ನು ಗುರುತಿಸಿ ಓದುತ್ತಿರುವವರಲ್ಲಿ ಶಾಲಾ ಶಿಕ್ಷಕರು, ಬ್ಯಾಂಕ್ ನೌಕರರು, ಎಂಜಿನಿಯರುಗಳು ಇದ್ದಾರೆ. ವಾರವೆಲ್ಲ ಕಚೇರಿಯಲ್ಲಿ ದುಡಿದು ರಜೆಯ ದಿನ ಊರೂರು ತಿರುಗುವ ಇವರೆಲ್ಲ, 1865ರಲ್ಲಿ ಆ ಶಾಲಾ ಇನ್ಸ್‌ಪೆಕ್ಟರ್ ಹಿಡಿದ ದಾರಿಯಲ್ಲಿಯೇ ನಡೆಯುತ್ತಿದ್ದಾರೆ.